ಹತ್ತೊಂಬತ್ತಕ್ಕೆ ಪೊಟ್ಯಾಶಿಯಂ

ಮತ್ತೆ ಕರೆದರು. ನಾನು ಪೆನ್ನು ಹಿಡಿದು ಕೂತರೆ ಸಾಕು, ಈ ಮನೆಯಲ್ಲಿ ಒಬ್ಬರಿಗೆ ಟವೆಲು ಸಿಗುವುದಿಲ್ಲ, ಇನ್ನೊಬ್ಬರಿಗೆ ಕನ್ನಡಕ ಸಿಗುವುದಿಲ್ಲ. ಒಂದು ಅವರ ಹೆಗಲ ಮೇಲೆ, ಇನ್ನೊಂದು ಮೂಗಿನ ಮೇಲೆಯೇ ಇರುತ್ತದೆ. ಇಂಥ ಮನೆಗೆ ವಿಜ್ಞಾನ ಬಂದರೆ ಏನಾಗಬೇಕೋ ಅದೇ ಆಯಿತು.

ಮಗಳು ಒಂಬತ್ತನೇ ಕ್ಲಾಸು. ನಾನು ಓದಿದ್ದು ಹತ್ತರವರೆಗೆ, ಹಾಗಾಗಿ ಇನ್ನೊಂದು ವರ್ಷ ನನ್ನ ಯಜಮಾನಿಕೆ ನಡೆಯುತ್ತದೆ. ಮೊದಲ ಇಪ್ಪತ್ತು ಮೂಲವಸ್ತುಗಳ ಪರಮಾಣು ಎಷ್ಟೆಷ್ಟು ದೊಡ್ಡದು ಎಂದು ಗ್ರಾಫ್ ಮಾಡಿ ತರಲು ಟೀಚರು ಹೇಳಿದ್ದರು. ಸೋಮವಾರ ಚೆನ್ನಾಗಿ ವಿವರಿಸಿದವರಿಗೆ ಮೂಡುಬಿದಿರೆಯ ವಿಜ್ಞಾನ ಮೇಳ. ಕಳೆದ ವರ್ಷ ಆ ಅವಕಾಶ ಪಕ್ಕದ ಬೆಂಚಿನವಳಿಗೆ ಹೋದಾಗ ಇವಳು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ.

೧. ಮುಚ್ಚಳಗಳು

ಗ್ರಾಫಿಗೆ ಮೊದಲು ಪರಮಾಣುಗಳನ್ನು ಉರುಟಾಗಿ ಬರೆದು ನೋಡಬೇಕಂತೆ. ದೊಡ್ಡದಕ್ಕೆ ದೊಡ್ಡ ಮುಚ್ಚಳ, ಸಣ್ಣದಕ್ಕೆ ಸಣ್ಣದು. ನನ್ನ ಅಡುಗೆಮನೆಯ ಮುಚ್ಚಳಗಳೆಲ್ಲ ಜಗಲಿಗೆ ಹೋದವು.

“ಅನ್ನದ ಪಾತ್ರೆಯ ಮುಚ್ಚಳ ಎಲ್ಲಿ?” ಅತ್ತೆ ಕೇಳಿದರು.

“ಅಜ್ಜೀ, ಅದೀಗ ಸೋಡಿಯಂ.”

ಎರಡು ದಿನದಲ್ಲಿ ನಮಗೆಲ್ಲ ಅದೇ ಅಭ್ಯಾಸವಾಯಿತು. ಬೆಳ್ತಂಗಡಿಯಿಂದ ಗಂಡನ ಚಿಕ್ಕಮ್ಮ ಬಂದಿದ್ದರು. ಅವರಿಗೆ ಎಲೆ ಹಾಕಿ ನಾನು ಒಳಗಿನಿಂದ ಕೂಗಿದೆ: “ಮಗಾ, ಸಾರು ತಣಿಯುತ್ತದೆ, ಬೇಗ ಸೋಡಿಯಂ ಹಾಕು. ಪಲ್ಯಕ್ಕೆ ಕ್ಲೋರಿನ್ ಸಾಕು.”

ಚಿಕ್ಕಮ್ಮ ಎದ್ದು ನಿಂತರು. “ನನಗೆ ಇವತ್ತು ಉಪವಾಸ ಮಾರಾಯ್ತಿ.”

ಕೈಯಲ್ಲಿ ಅರ್ಧ ತಿಂದ ಹಪ್ಪಳ ಇತ್ತು.

೨. ನಡುವೆ ಕೂತವರು

“ಅಮ್ಮ, ಆವರ್ತ ಕೋಷ್ಟಕದ ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದ ಹಾಗೆ ಒಳಗೆ ಎಲೆಕ್ಟ್ರಾನುಗಳು ಜಾಸ್ತಿ ಆಗ್ತವೆ. ಆದರೆ ಪರಮಾಣು ಸಣ್ಣದಾಗ್ತದೆ. ಯಾಕೆ?”

ಪುಸ್ತಕ ನೋಡಿದೆ. ನಡುವಿನ ನ್ಯೂಕ್ಲಿಯಸ್ಸಿನ ಎಳೆತ ಹೆಚ್ಚುತ್ತದಂತೆ. “ಇಷ್ಟೇ ಅಲ್ವಾ? ನಿನ್ನ ಅಜ್ಜಿಯನ್ನು ನೋಡು. ಒಂದೇ ಮಹಡಿಯಲ್ಲಿ ಸೊಸೆಯಂದಿರು ಹೆಚ್ಚಾದಷ್ಟೂ ಹಿಡಿತ ಬಿಗಿ. ಎಲ್ಲರೂ ಮುದುಡಿ ಕೂರಬೇಕು. ಮೇಲೆ ಇನ್ನೊಂದು ಮಹಡಿ ಕಟ್ಟಿದರೆ ಮಾತ್ರ ಕೈಕಾಲು ಚಾಚಬಹುದು.”

ಬಾಗಿಲ ಹಿಂದಿನಿಂದ ಅತ್ತೆ ಬಂದರು.

“ಅಂದರೆ ನಡುವೆ ಕೂತವಳು ನಾನು?”

“ಹೌದು ಅತ್ತೆ.”

“ಉಳಿದವರೆಲ್ಲ ನನ್ನ ಸುತ್ತ ತಿರುಗುವುದು?”

“ಹೌದು ಅತ್ತೆ.”

ಅಂದಿನಿಂದ ಅವರು ಕುಡಿದ ಲೋಟವನ್ನೂ ತೊಳೆಯುವುದಿಲ್ಲ. ಕೇಳಿದರೆ, “ನ್ಯೂಕ್ಲಿಯಸ್ ಎದ್ದು ಹೋದರೆ ಮನೆ ಉಳಿಯುತ್ತದಾ?”

೩. ಕಾಕನ ಅಂಗಡಿ

ಭಾನುವಾರ ಗ್ರಾಫಿನ ಗೆರೆಗೆ ನೀಲಿ ಪೈಂಟು ಬಳಿದಾಯಿತು. ಮಳೆಗಾಲ, ಒಣಗುವುದೇ ಇಲ್ಲ. ಬಂಟ್ವಾಳ ಪೇಟೆಯಲ್ಲಿ, ಹೊಳೆಯ ಬದಿಗೆ, ನಮ್ಮ ಪರಿಚಯದ ಕಾಕನ ಜೀನಸು ಅಂಗಡಿ ಉಂಟು. ಅಲ್ಲಿಯ ಫ್ಯಾನಿನ ಎದುರು ಚಾರ್ಟನ್ನು ತೂಗುಹಾಕಿ ಬಂದೆವು. ಮೂಲವಸ್ತುಗಳ ಹೆಸರು ಇನ್ನೂ ಬರೆದಿರಲಿಲ್ಲ. ಕೆಳಗೆ ಒಂದರಿಂದ ಇಪ್ಪತ್ತರವರೆಗೆ ಅಂಕೆ, ಮೇಲೆ ಏರಿ ಇಳಿಯುವ ನೀಲಿ ಗೆರೆ, ಅಷ್ಟೇ.

ಸಂಜೆ ಹೋದರೆ ಇಡೀ ಬೀದಿ ಅಕ್ಕಿ ಮೂಟೆ ಹೊತ್ತು ಅಟ್ಟ ಹತ್ತುತ್ತಿದೆ!

“ಏನಾಯ್ತು ಕಾಕ?”

“ಏನಾಯ್ತಾ? ನೀವೇ ತಂದು ಹಾಕಿದ್ದಲ್ವಾ ಅಕ್ಕ? ನೋಡಿ, ಮೂರನೇ ತಾರೀಕಿಗೆ ಹೊಳೆ ನೀರು ಏರಿತ್ತು, ಸರಿಯಾ? ಹನ್ನೊಂದಕ್ಕೆ ಇನ್ನೂ ಮೇಲೆ, ನನ್ನ ಮೆಟ್ಟಿಲಿಗೇ ಬಂತು. ಇವತ್ತು ಹದಿನೆಂಟು, ಇಳಿದಿದೆ. ನಾಳೆ ಹತ್ತೊಂಬತ್ತು. ಅಬ್ಬಾ, ಎಲ್ಲಿಗೆ ಹೋಗಿದೆ ನೋಡಿ!”

“ಕಾಕಾ, ಅದು ನೆರೆಯಲ್ಲ. ಹತ್ತೊಂಬತ್ತು ಅಂದರೆ ಪೊಟ್ಯಾಶಿಯಂ,” ಎಂದಳು ಮಗಳು.

“ಅದೆಂಥದ್ದು?”

“ನೀರು ತಾಗಿದರೆ ಹೊತ್ತಿಕೊಳ್ತದೆ.”

ಎದುರಿನ ಹೋಟೆಲಿನವರು ಗ್ಯಾಸ್ ಸಿಲಿಂಡರನ್ನೂ ಅಟ್ಟಕ್ಕೆ ಏರಿಸಿದರು.

ಚಾರ್ಟ್ ಕೇಳಿದರೆ ಕಾಕ ಕೊಡಲೊಲ್ಲರು. “ಇವತ್ತು ಇಲ್ಲೇ ಇರಲಿ ಅಕ್ಕ, ಊರಿಗೆ ಬೇಕು.” ಮಗಳ ಕಣ್ಣಲ್ಲಿ ನೀರು. “ನಾಳೆ ಕೊಂಡುಹೋಗದಿದ್ದರೆ ಮೂಡುಬಿದಿರೆಗೆ ಮತ್ತೆ ಅವಳೇ ಹೋಗ್ತಾಳೆ!” ನಾನು ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಎಲ್ಲರ ಮೊಬೈಲುಗಳೂ ಟಿಂಗ್ ಟಿಂಗ್ ಎಂದವು: ನಾಳೆ ಮಳೆಯ ಕಾರಣ ಶಾಲೆಗಳಿಗೆ ರಜೆ.

ಬೀದಿಯವರೆಲ್ಲ ಮಗಳಿಗೆ ಕೈಮುಗಿಯುವುದೊಂದು ಬಾಕಿ.

ರಜೆ ಕೊಟ್ಟ ದಿನ ಮಳೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಹತ್ತೊಂಬತ್ತಕ್ಕೆ ಸುಡು ಬಿಸಿಲು. ಅತ್ತೆ ಸಂಡಿಗೆ ಒಣಗಿಸಿದರು. ಕಾಕ ಮಾತ್ರ, “ಒಂದು ದಿನ ಆಚೆ ಈಚೆ ಆಗ್ತದೆ” ಎಂದು ಕಾಲು ಕಿಲೋ ತೊಗರಿಬೇಳೆಗೂ ಏಣಿ ಹತ್ತಿದರು.

ಇಪ್ಪತ್ತರ ಬೆಳಿಗ್ಗೆ ಚಾರ್ಟ್ ಕೈಗೆ ಬಂತು. ಮಗಳು ಹೆಸರುಗಳನ್ನು ಬರೆದು ಶಾಲೆಗೆ ಓಡಿದಳು. ಹತ್ತೊಂಬತ್ತಕ್ಕೆ ಗೆರೆ ಯಾಕೆ ಹಾರಿತು ಎಂದು ಟೀಚರು ಕೇಳಿದರಂತೆ. “ಹೊಸ ಮಹಡಿ ಶುರುವಾಯ್ತು ಟೀಚರ್, ಅಜ್ಜಿಯ ಕೈ ಅಲ್ಲಿಗೆ ಅಷ್ಟು ಎಟಕುವುದಿಲ್ಲ” ಎಂದಳಂತೆ. ಮೂಡುಬಿದಿರೆಗೆ ಇವಳೇ!

ಸಂಜೆ ಲಾಡು ಹಿಡಿದುಕೊಂಡು ಇಬ್ಬರೂ ಕಾಕನ ಅಂಗಡಿಗೆ ಹೋದೆವು. ಇಡೀ ಬೀದಿ ಅಲ್ಲೇ ನೆರೆದಿತ್ತು. ಲಾಡಿಗೆ ಯಾರೂ ಕೈ ಚಾಚಲಿಲ್ಲ. ಕಾಕ ಏಣಿಯಿಂದ ನಿಧಾನ ಇಳಿದು, ನನ್ನ ಹತ್ತಿರ ಬಂದು, ಸ್ವರ ತಗ್ಗಿಸಿ ಕೇಳಿದರು:

“ಲಾಡು ಇರಲಿ ಅಕ್ಕ. ಆ ಗೆರೆ ಇಪ್ಪತ್ತಕ್ಕೇ ನಿಂತಿತ್ತಲ್ಲ, ನಾಳೆ ಇಪ್ಪತ್ತೊಂದಕ್ಕೆ ಬಂಟ್ವಾಳ ಉಂಟಾ, ಇಲ್ವಾ?”