ಯಾರ ಹೆಸರೂ ಅಲ್ಲದ ಹೆಸರು

ಮಗುವಿನ ತಳ್ಳುಗಾಡಿಗೆ ಎಂಟು ಪೌಂಡು, ಅದೂ ಪಾದ್ರಿಯ ಮನೆಯ ಮೂರು ಮಕ್ಕಳನ್ನು ಹೊತ್ತು ಸುಸ್ತಾಗಿದ್ದು. ಉಣ್ಣೆ ಶಾಲಿಗೆ ಎರಡು ಪೌಂಡು. ನೋಡಲು ಬಂದವರು ಕುಡಿದ ಚಹಾಕ್ಕೆ ಲೆಕ್ಕವೇ ಇಲ್ಲ. ಹೆಸರು ಬರೆಸುವುದಕ್ಕೆ ಮಾತ್ರ ಒಂದು ಪೆನ್ನಿಯೂ ಬೇಡ, ಸರ್ಕಾರ ಪುಕ್ಕಟೆ ಬರೆದುಕೊಳ್ಳುತ್ತದೆ. ಹೆಕ್ಟರ್ ಇಪ್ಪತ್ತು ದಿನದಿಂದ ನಿದ್ದೆಗೆಟ್ಟಿದ್ದು ಈ ಪುಕ್ಕಟೆ ವಸ್ತುವಿಗಾಗಿಯೇ.

ಮಗು ಹುಟ್ಟಿ ಇಪ್ಪತ್ತೊಂದು ದಿನದೊಳಗೆ ಬರೆಸಬೇಕೆಂದು ಕಾನೂನು. ಇವತ್ತು ಇಪ್ಪತ್ತೊಂದನೆಯ ದಿನ. ನೋಂದಣಿಯ ಮಿಸ್ ಗಿಲ್ಲಿಸ್ ದ್ವೀಪದ ಸಭಾಭವನದಲ್ಲಿ ನಾಲ್ಕು ಗಂಟೆಯವರೆಗೆ ಮಾತ್ರ ಕೂರುತ್ತಾಳೆ.

"ಏನಾದ್ರೂ ಒಂದು ಬರೆಸ್ಕೊಂಡು ಬಾ," ಎಂದಳು ಹೆಂಡತಿ ಮಾರ್ಸಲಿ, ಮಗುವಿನ ಬೆನ್ನು ತಟ್ಟುತ್ತ. "ಆದ್ರೆ ಸಾಯಂಕಾಲ ಇಬ್ರು ಮುದುಕ್ರೂ ಈ ಮೇಜಲ್ಲೇ ಕೂತು ಊಟ ಮಾಡ್ಬೇಕು, ನೋಡು."

ಒಬ್ಬ ಮುದುಕ ಹೆಕ್ಟರನ ಅಪ್ಪ ಫಾರ್ಕರ್, ಪಕ್ಕದ ಮನೆಯವನು. ಇನ್ನೊಬ್ಬ ಮಾವ ಟಾರ್ಕಿಲ್, ಇದೇ ಮನೆಯ ಯಜಮಾನ. ಹಗಲೆಲ್ಲ ಒಂದೇ ದೋಣಿಯಲ್ಲಿ ಏಡಿ ಹಿಡಿಯುವವರು. ಮಗು ಗಂಡು ಎಂದು ತಿಳಿದ ದಿನದಿಂದ ಇಬ್ಬರೂ ದೋಣಿಯ ಆ ತುದಿಗೊಬ್ಬ ಈ ತುದಿಗೊಬ್ಬ ಕೂರುತ್ತಿದ್ದರು.

ಹೆಕ್ಟರ್ ಮೊದಲು ಅಪ್ಪನ ಹತ್ತಿರ ಹೋದ.

"ಇದ್ರಲ್ಲಿ ಕೇಳೋದೇನಿದೆಯೋ?" ಎಂದ ಫಾರ್ಕರ್, ಬಲೆಯಿಂದ ತಲೆ ಎತ್ತದೆ. "ಮೊದಲನೇ ಗಂಡಿಗೆ ಅಪ್ಪನ ಅಪ್ಪನ ಹೆಸರು. ನೋಹನ ಕಾಲದಿಂದ ಹಾಗೇ."

"ಮಾವಂಗೆ ಗಂಡು ಮಕ್ಕಳಿಲ್ಲವಲ್ಲಪ್ಪ. ನಾಲ್ಕೂ ಹೆಣ್ಣು. ಉಳಿದ ಮೂವರಿಗೆ ಹುಟ್ಟಿದ್ದೂ ಹೆಣ್ಣೇ."

"ಅದಕ್ಕೆ ನಾನೇನ್ ಮಾಡ್ಲಿ?"

"ಟಾರ್ಕಿಲ್ ಫಾರ್ಕರ್ ಅಂತ ಎರಡೂ ಸೇರಿಸಿ..."

"ಹಿಂದುಗಡೆ ಕಟ್ಟಿಕೊಂಡು ಹೋಗೋಕೆ ನಾನೇನು ಹುಲ್ಲಿನ ಗಾಡೀನಾ?"

ಹೆಕ್ಟರ್ ಕೊಟ್ಟಿಗೆಗೆ ಹೋಗಿ ಅದೇ ಎರಡು ಹೆಸರನ್ನು ತಿರುವುಮುರುವು ಮಾಡಿ ಮಾವನ ಮುಂದಿಟ್ಟ. ಟಾರ್ಕಿಲ್ ರೇಗಲಿಲ್ಲ. ಕುರಿಯ ಗೊರಸನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದ: "ನಾನು ಸತ್ರೆ ಈ ಊರಲ್ಲಿ ಟಾರ್ಕಿಲ್ ಅಂತ ಕೂಗಿದ್ರೆ ಓಗೊಡೋರು ಯಾರೂ ಇರಲ್ಲ. ಇರ್ಲಿ ಬಿಡಪ್ಪ. ನಿನ್ನಿಷ್ಟ." ಅಪ್ಪನ ಬೈಗುಳಕ್ಕಿಂತ ಇದು ಹತ್ತು ಪಟ್ಟು ಭಾರವಾಗಿತ್ತು.

ಬೀದಿಗೆ ಬಿದ್ದರೆ ಅಂಗಡಿಯ ಡೋಲಿನಾ. ಊರಿನ ಸುದ್ದಿ ಅವಳ ಅಂಗಡಿಗೆ ಬಂದು ತೂಕ ಹಾಕಿಸಿಕೊಳ್ಳದೆ ಮುಂದೆ ಹೋಗುತ್ತಿರಲಿಲ್ಲ. ಮಗುವಿನ ಮುಷ್ಟಿಯಲ್ಲಿ ಬೆಳ್ಳಿ ನಾಣ್ಯ ಇಟ್ಟವರಲ್ಲಿ ಅವಳೇ ಮೊದಲಿಗಳು. ಇಡುತ್ತಲೇ ಕೇಳಿದ್ದಳು, "ಯಾರ ಹೆಸರು?" ಆ ದ್ವೀಪದಲ್ಲಿ ಯಾರೂ "ಏನು ಹೆಸರು" ಎಂದು ಕೇಳುವುದಿಲ್ಲ.

"ಟಾರ್ಕಿಲಂದೇ ಇಡೋ," ಎಂದಳು ಈಗ. "ಮನೆ ಅವನದು, ದೋಣಿ ಅವನದು. ಫಾರ್ಕರ್ ಅಂತಿಟ್ರೆ ಊರು ನಿನ್ನನ್ನ ಉಪ್ಪಿನ ಋಣ ಇಲ್ಲದೋನು ಅನ್ನತ್ತೆ."

"ಹಾಗಾದ್ರೆ ಟಾರ್ಕಿಲ್ ಅಂತ ಇಟ್ರೆ?"

"ಹೆತ್ತಪ್ಪನ್ನ ಮರೆತೋನು ಅನ್ನತ್ತೆ. ಅದು ಬೇರೆ ವಿಷ್ಯ."

ಅಂಗಡಿಯ ಎದುರಿಗೇ ಸ್ಮಶಾನ. ಹೆಕ್ಟರನಿಗೆ ಆಗ ಹೊಳೆಯಿತು: ಹಳೆಯ ಕಾಲದ, ಗಟ್ಟಿಮುಟ್ಟಾದ, ಆದರೆ ಈ ಊರಿನ ಯಾರದೂ ಅಲ್ಲದ ಒಂದು ಹೆಸರು ಸಿಕ್ಕರೆ? ಇಬ್ಬರೂ ಸೋಲುತ್ತಾರೆ, ಒಬ್ಬನೂ ಗೆಲ್ಲುವುದಿಲ್ಲ. ಗೇಟು ತಳ್ಳಿ ಒಳಗೆ ಹೋದ.

ಕಲ್ಲಿನಿಂದ ಕಲ್ಲಿಗೆ ಬಗ್ಗಿ ಓದಿದ. ನಾರ್ಮನ್, ಮರ್ಡೋ, ಫಾರ್ಕರ್, ಮತ್ತೆ ನಾರ್ಮನ್. ಮುನ್ನೂರು ವರ್ಷದ ಜನ ಏಳೆಂಟು ಹೆಸರುಗಳನ್ನೇ ಹಳೆಯ ಅಂಗಿಯಂತೆ ಒಬ್ಬರಿಗೊಬ್ಬರು ದಾಟಿಸಿಕೊಂಡು ಬಂದಿದ್ದರು. ಈ ಊರಲ್ಲಿ ಮಗು ಅಂದರೆ ಗೋಡೆಗೂಟ, ಹೋದವರು ಬಂದವರೆಲ್ಲ ಕೋಟು ನೇತುಹಾಕುವುದು ಅದಕ್ಕೇ, ಅನ್ನಿಸಿತು ಅವನಿಗೆ. ತನ್ನ ಹೆಸರೂ ಮುಳುಗಿ ಸತ್ತ ಅಜ್ಜನದು. ಅಜ್ಜಿ ಬದುಕಿರುವವರೆಗೂ ಅವನನ್ನು ಕರೆಯುವಾಗ ಅವನ ಮುಖ ನೋಡುತ್ತಿರಲಿಲ್ಲ, ಸಮುದ್ರದ ಕಡೆ ನೋಡುತ್ತಿದ್ದಳು. ನನ್ನ ಮಗನನ್ನು ಕರೆದರೆ ಕರೆದವರು ನನ್ನ ಮಗನನ್ನೇ ನೋಡಲಿ, ಅಂದುಕೊಂಡ.

"ಏನೋ ಹೆಕ್ಟರ್, ಯಾರನ್ನ ಹುಡುಕ್ತಿದೀಯ?" ಡೋಲಿನಾ ಗೋಡೆಯಾಚೆಯಿಂದ ಕೂಗಿದಳು.

"ಇಲ್ಲಿ ಇಲ್ಲದೋನನ್ನ!"

"ಪಾಪ, ನಿದ್ದೆ ಇಲ್ದೆ ತಲೆ ಕೆಟ್ಟಿದೆ," ಎಂದು ಅವಳು ಯಾರಿಗೋ ಹೇಳುವುದು ಕೇಳಿಸಿತು.

ಮೂರು ಮುಕ್ಕಾಲಿಗೆ ಕೊನೆಯ ಕಲ್ಲು ಮುಗಿಯಿತು. ಆಗ ಹಳೆಯ ಪುಸ್ತಕದಲ್ಲೆಲ್ಲೋ ಓದಿದ್ದ ಒಂದು ಹೆಸರು ನೆನಪಾಯಿತು: ಲಾಕ್ಲನ್. ರಾಜರಿಗೂ ಇಟ್ಟಿರಬಹುದಾದ ಒಳ್ಳೆಯ ಹಳೆಯ ಹೆಸರು, ಒಂದೇ ಒಂದು ಕಲ್ಲಿನ ಮೇಲೂ ಇರಲಿಲ್ಲ. ಮಂಡಿಯ ಕೆಸರಿನೊಂದಿಗೇ ಓಡಿ, ಬೀಗ ಹಾಕಲು ಎದ್ದಿದ್ದ ಮಿಸ್ ಗಿಲ್ಲಿಸ್‌ಳನ್ನು ಕೂರಿಸಿ ಬರೆಸಿದ.

"ಯಾರ ಹೆಸರು?" ಎಂದಳು ಅವಳೂ.

"ಅವನದೇ," ಎಂದ ಹೆಕ್ಟರ್, ಎದೆ ಉಬ್ಬಿಸಿ.

ಮನೆಯಲ್ಲಿ ಇಬ್ಬರು ಮುದುಕರೂ ಒಲೆಯ ಎರಡು ಪಕ್ಕದಲ್ಲಿ ಕೋರ್ಟಿನ ತೀರ್ಪಿಗೆ ಕಾದವರಂತೆ ಕುಳಿತಿದ್ದರು. ಅತ್ತೆ ಎಫಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಲಾಕ್ಲನ್," ಎಂದ ಹೆಕ್ಟರ್. "ನಿಮ್ಮಿಬ್ರದೂ ಅಲ್ಲ. ಈ ಊರಲ್ಲಿ ಯಾರದೂ ಅಲ್ಲ. ಸ್ಮಶಾನ ಪೂರ್ತಿ ನೋಡಿದೀನಿ."

ಫಾರ್ಕರ್ ಗಂಟಲು ಸರಿಮಾಡಿಕೊಂಡ. "ಹ್ಞೂಂ. ಅವಂದಲ್ವಲ್ಲ, ಸರಿ." ಅಷ್ಟು ಹೇಳಿ ಟಾರ್ಕಿಲನ ಕಡೆ ಹೊಗೆಸೊಪ್ಪಿನ ಡಬ್ಬಿ ಚಾಚಿದ. ಮೂರು ವಾರದಲ್ಲಿ ಮೊದಲ ಸಲ. ಆದರೆ ಟಾರ್ಕಿಲನ ಕೈ ಮುಂದೆ ಬರಲಿಲ್ಲ. ಅವನು ಹೆಂಡತಿಯನ್ನು ನೋಡುತ್ತಿದ್ದ.

ಎಫಿಯ ಮುಖ ಕಿವಿಯವರೆಗೂ ಕೆಂಪಾಗಿತ್ತು, ಕಣ್ಣು ತುಂಬಿತ್ತು. "ನಿಂಗೆ ಯಾರಪ್ಪ ಹೇಳಿದ್ದು?" ಎಂದಳು ಅಳಿಯನಿಗೆ, ಮೆಲ್ಲಗೆ.

"ಏನನ್ನ?"

ಅವಳು ಮಗುವಿನ ಕಡೆ ಬಗ್ಗಿ, "ಲಾಕ್ಲನ್, ಲಾಕ್ಲನ್," ಎಂದು ಎರಡು ಸಲ ಕರೆದಳು. ಹೊಸ ಹೆಸರನ್ನು ಯಾರೂ ಅಷ್ಟು ಸಲೀಸಾಗಿ ಕರೆಯುವುದಿಲ್ಲ.

"ಲೈಟ್‌ಹೌಸ್ ಕೆಲಸಕ್ಕೆ ಬಂದಿದ್ನಲ್ಲ, ಅವನು," ಎಂದ ಟಾರ್ಕಿಲ್. "ಎರಡು ವರ್ಷ ಇದ್ದ, ವರ್ಗ ಆಗಿ ಹೋದ. ಆಮೇಲೆ ಇವಳು ನನ್ನ ಒಪ್ಪಿದ್ದು. ನಲವತ್ತೆರಡು ವರ್ಷ ಈ ಹೆಸರು ನನ್ನ ಮನೇಲಿ ಬಂದಿರ್ಲಿಲ್ಲ."

ಫಾರ್ಕರ್ ನಗಲು ಬಾಯಿ ತೆರೆದ. ಅಷ್ಟರಲ್ಲಿ ಟಾರ್ಕಿಲ್ ಅಳಿಯನ ಕಡೆ ತಿರುಗಿ, "ಇದಕ್ಕಿಂತ ಆ ನಿಮ್ಮಪ್ಪನ ದರಿದ್ರ ಹೆಸರೇ ವಾಸಿಯಿತ್ತಲ್ಲೋ!" ಎಂದ.

"ಯಾವುದೋ ದರಿದ್ರ?" ಎಂದು ಫಾರ್ಕರ್ ಡಬ್ಬಿ ಜೇಬಿಗೆ ಹಾಕಿಕೊಂಡು ಎದ್ದ. "ಒಬ್ಬನೇ ಮಗ ಅಂತ ಸಾಕಿದ್ದಕ್ಕೆ, ನನ್ನ ಹೆಸರು ಬಿಟ್ಟು ದೀಪ ಹಚ್ಚೋನ ಹೆಸರು!"

"ವರ್ಷದೊಳಗೆ ಬದಲಾಯಿಸ್ಬಹುದಂತೆ," ಎಂದ ಹೆಕ್ಟರ್ ಗೋಡೆಗೆ ಒರಗುತ್ತ. "ಮಿಸ್ ಗಿಲ್ಲಿಸ್ ಹೇಳಿದ್ಲು."

"ಬದಲಾಯಿಸ್ತೀಯಾ?" ಟಾರ್ಕಿಲ್ ಟೋಪಿ ಹಾಕಿಕೊಂಡ. "ಯಾಕೆ ಬದಲಾಯಿಸಿದ್ರಿ ಅಂತ ಡೋಲಿನಾ ಕೇಳ್ತಾಳೆ. ಏನ್ ಹೇಳ್ತೀಯ? ಮುಟ್ಟಬೇಡ ಅದನ್ನ. ಯಾರಾದ್ರೂ ಕೇಳಿದ್ರೆ, ಹೆಸರು ನಾನೇ ಆರಿಸಿದ್ದು ಅನ್ನು." ಬಾಗಿಲು ದಾಟಿ ಕೊಟ್ಟಿಗೆಗೆ ಹೋದ.

ಹೆಸರು ಹಾಗೆಯೇ ಉಳಿಯಿತು. ಒಬ್ಬನೂ ಮುನಿಸಿಕೊಳ್ಳಬಾರದೆಂದು ದಿನವೆಲ್ಲ ಅಲೆದವನ ಮೇಲೆ ಇಬ್ಬರೂ ಮುನಿಸಿಕೊಂಡರು. ಏಡಿ ಹಿಡಿಯುವ ಕಾಲ ಮುಗಿಯುವ ತನಕ ಹೆಕ್ಟರ್ ದೋಣಿಯನ್ನು ಒಬ್ಬನೇ ನಡೆಸಿದ. ಲಾಭವಾದದ್ದು ಎಫಿಗೆ ಮಾತ್ರ. ಅವಳು ದಿನಕ್ಕೆ ಹತ್ತು ಸಲ ಆ ಹೆಸರು ಕರೆಯುತ್ತಾಳೆ, ಕರೆಯುವಾಗ ಕಿಟಕಿಯಾಚೆ ದೀಪಸ್ತಂಭದ ಕಡೆ ನೋಡುತ್ತಾಳೆ.