ಹೌದು ಅಂದ್ರೆ ಬೇಡ

ಕಂಪ್ಯೂಟರ್ ನಡೆಸುವ ಹೊಸ ವ್ಯವಸ್ಥೆಯೊಂದನ್ನು ಅಚ್ಚ ಅರಬ್ಬಿಯಲ್ಲಿ ಕಟ್ಟುತ್ತಿದ್ದಾರಂತೆ, ಇನ್ನೂ ಅರ್ಧವೇ ಆಗಿದೆಯಂತೆ, ಬೇಕಾದವರು ಹಾಕಿ ನೋಡಬಹುದಂತೆ. ಈ ಸುದ್ದಿ ದಮನ್‌ಹೂರು ಪಟ್ಟಣದ ಅರಬ್ಬಿ ವ್ಯಾಕರಣದ ಮೇಷ್ಟ್ರು ಶೌಕತ್‌ರ ಕಿವಿಗೆ ಬಿದ್ದದ್ದೇ ಎಲ್ಲಕ್ಕೂ ಮೂಲ. ‘ನೀವು ಪ್ರೀತಿಸುವ ಯಂತ್ರಕ್ಕೆ ಇದನ್ನು ಹಾಕಬೇಡಿ’ ಎಂಬ ಎಚ್ಚರಿಕೆಯೂ ಇತ್ತು. ಮನೆಯಲ್ಲಿದ್ದ ಲ್ಯಾಪ್‌ಟಾಪು ಹೆಂಡತಿ ಇನ್ಶಿರಾಹಳದು. ಮೇಷ್ಟ್ರಿಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ.

ಇನ್ಶಿರಾಹ್ ಬಟ್ಟೆ ಹೊಲಿಯುವವಳು. ಗುರುವಾರದ ಮದುವೆಗೆ ಮದುಮಗಳದ್ದೂ ಅವಳ ಆರು ಜನ ಸೋದರತ್ತೆಯರದ್ದೂ ಅಳತೆಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಆ ಅತ್ತೆಯರು ಒಮ್ಮೆ ಸೊಂಟದ ಅಳತೆ ಕೊಟ್ಟದ್ದೇ ದೊಡ್ಡದು. ಇನ್ನೊಮ್ಮೆ ಟೇಪು ಹಿಡಿದು ಹೋದರೆ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು. ಅವಳು ದಾರ ತರಲು ಪೇಟೆಗೆ ಹೋದದ್ದೇ ತಡ, ಮೇಷ್ಟ್ರು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿನ ಬಯೂಮಿಯ ಕ್ಷೌರದಂಗಡಿಗೆ ಇಳಿದರು. ಇಂಟರ್ನೆಟ್ ಚೆನ್ನಾಗಿ ಸಿಗುತ್ತಿದ್ದುದು ಅಲ್ಲೇ.

ಬಯೂಮಿ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದ. ಹೊಸದನ್ನು ಹಾಕತೊಡಗಿದ್ದೇ ತಡ, ಮೊದಲು ಪರದೆಯ ಮೇಲಿನದೆಲ್ಲ ತಲೆಕೆಳಗಾಯಿತು. ಬಯೂಮಿ ಲ್ಯಾಪ್‌ಟಾಪನ್ನೇ ತಲೆಕೆಳಗೆ ಹಿಡಿದ. ಆಮೇಲೆ ಎಡಕ್ಕೆ ತಳ್ಳಿದ ಬಾಣ ಬಲಕ್ಕೆ ಓಡತೊಡಗಿತು. ಅವನು ಪರದೆಗೆ ಗಡ್ಡಕ್ಕೆ ಹಚ್ಚುವ ಕೊಲೋನು ಹಚ್ಚಿ ಒರೆಸಿದ. ಕಡೆಗೆ ಒಂದು ಪ್ರಶ್ನೆ ಮೂಡಿತು: ‘ಹಳೆಯದನ್ನು ಅಳಿಸುವುದು ಬೇಡವೇ?’ ಕೆಳಗೆ ಎರಡೇ ಗುಂಡಿ. ಒಂದರ ಮೇಲೆ ‘ನಅಮ್’, ಇನ್ನೊಂದರ ಮೇಲೆ ‘ಬಲಾ’. ಉತ್ತರಕ್ಕೆ ಒಂದು ನಿಮಿಷ.

ಮೇಷ್ಟ್ರ ಮುಖ ಅರಳಿತು. ಬೇಡವೇ ಎಂದು ಕೇಳಿದಾಗ ವ್ಯಾಕರಣದಂತೆ ‘ನಅಮ್’ ಎಂದರೆ ಹೌದು, ಬೇಡ. ‘ಬಲಾ’ ಎಂದರೆ ಯಾಕೆ ಬೇಡ, ಅಳಿಸು. ಮೂವತ್ತು ವರ್ಷ ಇದನ್ನೇ ಮಕ್ಕಳ ಕಿವಿ ಹಿಂಡಿ ಕಲಿಸಿದ್ದರು. ಬೆರಳು ‘ನಅಮ್’ ಕಡೆಗೆ ಹೋಯಿತು.

ಬಯೂಮಿ ಕೈ ಹಿಡಿದ. "ಏನ್ ಮಾಡ್ತಿದೀರಿ ಮೇಷ್ಟ್ರೇ? ನಅಮ್ ಅಂದ್ರೆ ಹೌದು. ಹೌದು ಅಂದ್ರೆ ಅಳಿಸಿಬಿಡುತ್ತೆ."

"ವ್ಯಾಕರಣದ ಪ್ರಕಾರ..."

"ಕಂಪ್ಯೂಟರ್ ಹುಡುಗ್ರು ಯಾವತ್ತು ವ್ಯಾಕರಣ ಓದಿದ್ರು? ಇದು ಅರ್ಧಂಬರ್ಧ ಸಾಮಾನು. ಅದು ಬಲಾ ಅಲ್ಲ, ಬಲಾಶ್. ಕೊನೇ ಅಕ್ಷರ ಬಿದ್ದೋಗಿದೆ ಅಷ್ಟೇ."

ಬೀದಿ ಮಾತಿನಲ್ಲಿ ಬಲಾಶ್ ಎಂದರೆ ಬೇಡ. ಅರ್ಧ ಗಡ್ಡದ ಗಿರಾಕಿಯೂ ಅದೇ ಸರಿ ಎಂದ. ಉಳಿದದ್ದು ಹತ್ತು ಸೆಕೆಂಡು. ಆರೂ ಅತ್ತೆಯರು ಮೇಷ್ಟ್ರ ಕಣ್ಣ ಮುಂದೆ ಸಾಲಾಗಿ ನಿಂತರು. ಈಗಿನ ಹುಡುಗರ ವ್ಯಾಕರಣ ಎಂಥದ್ದೆಂದು ಮೇಷ್ಟ್ರಿಗೇನು ಗೊತ್ತಿಲ್ಲವೇ, ಉತ್ತರಪತ್ರಿಕೆ ತಿದ್ದುವವರು ಅವರೇ. ಕಣ್ಣು ಮುಚ್ಚಿ ‘ಬಲಾ’ ಒತ್ತಿದರು.

ಎಲ್ಲವೂ ಅಳಿಸಿಹೋಯಿತು.

ಮೇಷ್ಟ್ರ ಪಿತ್ತ ನೆತ್ತಿಗೇರಿತು. ಭಾಷೆ ಬಾರದವರಿಗೆ ಈ ಉಸಾಬರಿ ಯಾಕೆಂದು ವ್ಯವಸ್ಥೆ ಕಟ್ಟಿದವರಿಗೆ ಮೊಬೈಲಿನಲ್ಲೇ ಬರೆದರು, ಕೆಳಗೆ ಹೆಸರು, ಶಾಲೆ ಎಲ್ಲ ಹಾಕಿದರು. ಉತ್ತರ ಬರುವ ಹೊತ್ತಿಗೆ ಇನ್ಶಿರಾಹ್ ದಾರದ ಚೀಲ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಖಾಲಿ ಲ್ಯಾಪ್‌ಟಾಪು ನೋಡಿದಳು, ಮೊಬೈಲು ಕಸಿದುಕೊಂಡಳು, ಗಟ್ಟಿಯಾಗಿ ಓದಿದಳು.

"ಪೂಜ್ಯ ಗುರುಗಳೇ, ನಾನು ನಿಮ್ಮ ಶಿಷ್ಯ ಫಿಕ್ರಿ. ನಅಮ್, ಬಲಾ ತಪ್ಪಿದ್ದಕ್ಕೆ ನೀವು ನನ್ನನ್ನು ಎರಡು ಸಲ ಫೇಲು ಮಾಡಿದ್ದಿರಿ. ಆಮೇಲೆ ನಾನೆಂದೂ ತಪ್ಪಿಲ್ಲ. ಇಲ್ಲೂ ವ್ಯಾಕರಣ ಸರಿಯಾಗಿಯೇ ಇದೆ. ನಿಮ್ಮ ಪಾಠದ ನೋಟ್ಸು ನನ್ನ ಹತ್ತಿರ ಇನ್ನೂ ಇದೆ, ಬೇಕಾದರೆ ಕಳಿಸುತ್ತೇನೆ."

ಇನ್ಶಿರಾಹ್ ಮೊಬೈಲನ್ನು ಗಂಡನ ಕೈಗೆ ವಾಪಸು ಕೊಟ್ಟಳು.

"ಮೊದ್ಲು ಮದುಮಗಳ ದೊಡ್ಡತ್ತೆಗೆ ಫೋನ್ ಮಾಡಿ," ಎಂದಳು. "ಸೊಂಟ ಎಷ್ಟು ಅಂತ ನೀವೇ ಕೇಳಿ."