ಕಾಕಾನ ತೂಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ನಮ್ಮಪ್ಪನ ತಮ್ಮನಾದ ಕಾಕಾನಷ್ಟು ಮೇಲೆ ಏರಿದ ಮನುಷ್ಯ ಇನ್ನೊಬ್ಬನಿಲ್ಲ. ಶಾಸಕರೇ ಬರಲಿ, ಸಾಹುಕಾರರೇ ಬರಲಿ, ನಾನು ಈ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಹಾಗೆಯೇ, ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತಲು ಒಪ್ಪದ ಗಂಡಸೂ ಈ ನಾಲ್ಕು ತಾಲೂಕುಗಳಲ್ಲಿ ಅವನೊಬ್ಬನೇ!

ಅವನ ನೌಕರಿಯೇ ಅಂಥದ್ದು. ಮುದ್ದೇಬಿಹಾಳದ ಬಸ್ಸಿನಲ್ಲಿ ಕೂತರೆ ಹೊಲಗಳ ನಡುವೆ ಗಾಳಿಗೆ ತಿರುಗುತ್ತ ಕರೆಂಟು ಮಾಡುವ ದೊಡ್ಡ ಫ್ಯಾನುಗಳು ಕಾಣುತ್ತವಲ್ಲ, ಅವುಗಳ ರಿಪೇರಿ. ಕಂಪನಿಯ ಕಾಗದದಲ್ಲಿ ಟೆಕ್ನಿಷಿಯನ್. ಹೂವಿನ ಹಿಪ್ಪರಗಿಯ ಅವನ ಓಣಿಯಲ್ಲಿ ಬರೀ ‘ಫ್ಯಾನಿನವ’. ಕಂಬದ ಹೊಟ್ಟೆಯೊಳಗಿನ ಏಣಿ ಹತ್ತಿ, ತುದಿಯ ಡಬ್ಬಿಯೊಳಗೆ ಹೊಕ್ಕು, ಬೋಲ್ಟು ಬಿಗಿದು, ಗ್ರೀಸು ತುಂಬಿ ಸಂಜೆಗೆ ಇಳಿದು ಬರುತ್ತಿದ್ದ. ಮೈಗೆ ಬೆಲ್ಟು ಕಟ್ಟಿ, ಅದರ ಕೊಂಡಿಯನ್ನು ಸಿಕ್ಕಿಸದೆ ಒಂದು ಹೆಜ್ಜೆಯನ್ನೂ ಮೇಲಿಡಬಾರದು ಎಂಬುದು ಅಲ್ಲಿಯ ಕಟ್ಟಳೆ. ಈ ಕಟ್ಟಳೆ ಫ್ಯಾನಿಗೆ ಮಾತ್ರ ಎಂದು ಯಾರಾದರೂ ಅವನಿಗೆ ತಿಳಿಸಿ ಹೇಳಬೇಕಿತ್ತು.

ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆ ತರಲು ಅವನ ಹೆಂಡತಿ, ಅಂದರೆ ನಮ್ಮ ಕಾಕು, ಹೇಳಿದರೆ ಸಾಕು, ಹೆಲ್ಮೆಟ್ಟು, ಬೆಲ್ಟು, ಹಗ್ಗ ಎಲ್ಲ ಹೊರಗೆ ಬರುತ್ತಿದ್ದವು. ಸಿಂದಗಿಯ ಮದುವೆಯೊಂದರಲ್ಲಿ ಬಾಗಿಲಿಗೆ ತೋರಣ ಕಟ್ಟುವ ಕೆಲಸವನ್ನು ಯಾರೋ ತಿಳಿಯದೆ ಇವನಿಗೆ ಒಪ್ಪಿಸಿದರು. ಕೊಂಡಿ ಸಿಕ್ಕಿಸಲು ಗಟ್ಟಿ ಜಾಗ ಹುಡುಕುತ್ತ ತೊಲೆ, ಕಂಬ, ಕಿಟಕಿಯ ಸರಳು ಎಲ್ಲವನ್ನೂ ಜಗ್ಗಿ ನೋಡಿದ. ಕಡೆಗೊಂದು ಜಾಗ ಮನಸ್ಸಿಗೆ ಬಂದು ಬೆಲ್ಟು ಬಿಗಿಯುವ ಹೊತ್ತಿಗೆ ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದು, ಮಂದಿ ಊಟಕ್ಕೆ ಕೂತಿದ್ದರು. ತೋರಣ ಅವನ ಹೆಗಲ ಮೇಲೇ ಇತ್ತು!

ಊರಿನ ಮಂದಿಯೂ ಅವನಿಗೆ ತಕ್ಕವರೇ. ಹೊಲದಲ್ಲಿ ಕಡಲೆ ಬಡಿದು ಗುಡ್ಡೆ ಹಾಕಿಕೊಂಡು ಕೂತ ಮುದುಕಿಯೊಬ್ಬಳು, ತೂರಲು ಗಾಳಿಯೇ ಇಲ್ಲವೆಂದು ಇವನನ್ನು ದಾರಿಯಲ್ಲಿ ತಡೆದು, “ತಮ್ಮಾ, ಒಂದು ತಾಸು ಆ ಫ್ಯಾನ್ ಹಚ್ಚೋ, ಪುಣ್ಯಾ ಬರ್ತೈತಿ” ಎಂದು ಕೇಳಿಕೊಂಡಳು. ಗಾಳಿಯಿಂದ ಫ್ಯಾನೇ ಹೊರತು ಫ್ಯಾನಿನಿಂದ ಗಾಳಿಯಲ್ಲ ಎಂದು ಬೇರೆ ಯಾರಾದರೂ ಆಗಿದ್ದರೆ ತಿಳಿಸಿ ಹೇಳುತ್ತಿದ್ದರು. ಕಾಕಾ ಹೇಳಿದ್ದೇನು? “ಊಟಾ ಮಾಡಿ ಹಚ್ತೇನಿ, ತಡಿ ಆಯಿ.” ದೇವರೂ ಅವನ ಕಡೆಗೇ ಇದ್ದಿರಬೇಕು, ಮಧ್ಯಾಹ್ನದ ಮೇಲೆ ಗಾಳಿ ಬಂದೇ ಬಂತು. ಮರುದಿನ ಮನೆಗೆ ಒಂದು ಸೇರು ಕಡಲೆ ಬಂತು. ಅದೇ ವರ್ಷ ಮಳೆ ತಡವಾದಾಗ, ಫ್ಯಾನು ಜೋರಾಗಿ ಬಿಟ್ಟು ಮೋಡ ಓಡಿಸಿದವ ಇವನೇ ಎಂದು ಜಗಳಕ್ಕೂ ಬಂದರೆನ್ನಿ. ಕಡಲೆ ತಿಂದವನು ಬೈಗುಳವನ್ನೂ ತಿಂದ.

ಆದರೆ ನೌಕರಿಯ ಮಾತು ಬಂದರೆ ಕಾಕಾ ತಮಾಷೆಯ ಮನುಷ್ಯನಲ್ಲ. ಐಟಿಐ ಮುಗಿಸಿದ ಹುಡುಗರು ಇಂಡಿಯಿಂದ, ಹೊರ್ತಿಯಿಂದ ಫೋನು ಮಾಡಿ, ಈ ಲೈನಿಗೆ ಬಂದರೆ ಮುಂದೇನಿದೆ ಎಂದು ಕೇಳುತ್ತಿದ್ದರು. ಇವನು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಉಪದೇಶ ಮಾಡುತ್ತಿದ್ದ. ಮೊದಲು ಹೆಲ್ಪರ್, ಆಮೇಲೆ ಟೆಕ್ನಿಷಿಯನ್, ಆಮೇಲೆ ಸೀನಿಯರ್. ಗಾಳಿ ಎಲ್ಲಿಯೂ ಓಡಿಹೋಗುವುದಿಲ್ಲ, ದಿನದಿನಕ್ಕೆ ಹೊಸ ಫ್ಯಾನುಗಳು ಏಳುತ್ತಿವೆ, ಕೆಲಸಕ್ಕೆ ಬರವಿಲ್ಲ. ಗುಜರಾತು, ತಮಿಳುನಾಡು ಎಲ್ಲಿ ಬೇಕಾದರೂ ಹೋಗಬಹುದು. ಎಲ್ಲದರ ತುದಿಗೆ ಹೊಸಬರಿಗೆ ಏರುವುದನ್ನು ಕಲಿಸುವ ಟ್ರೇನರ್ ಹುದ್ದೆ. ಆ ಹೆಸರು ಹೇಳುವಾಗ ಅವನ ದನಿ ಮೆತ್ತಗಾಗುತ್ತಿತ್ತು. ಅವನು ಜೀವನದಲ್ಲಿ ಆಸೆಪಟ್ಟದ್ದು ಅದೊಂದಕ್ಕೇ.

ಅಡ್ಡಿಯಿದ್ದದ್ದು ತೂಕ. ಏರುವವನಿಗೆ ವರ್ಷಕ್ಕೊಮ್ಮೆ ಮೆಡಿಕಲ್ ಪರೀಕ್ಷೆ, ಕಂಪನಿ ಹಾಕಿದ ಗೆರೆಗಿಂತ ತೂಕ ಹೆಚ್ಚಾದರೆ ಏಣಿ ಮುಟ್ಟುವಂತಿಲ್ಲ. ಟ್ರೇನರ್ ಆಗುವವನಿಗಂತೂ ಆ ಪಾಸು ಬೇಕೇ ಬೇಕು. ಇತ್ತ ಮನೆಯಲ್ಲಿ ನಮ್ಮ ಕಾಕು ಇದ್ದಳಲ್ಲ! ಗಂಡ ಆಕಾಶದಲ್ಲಿ ನಿಂತು ದುಡಿಯುವುದು ಅವಳಿಗೆ ಒಂದು ದಿನವೂ ಸರಿಬರಲಿಲ್ಲ. ಬಸ್ಸಿನಲ್ಲಿ ಫ್ಯಾನುಗಳ ಸಾಲು ಬಂದರೆ ಕಣ್ಣು ಗಟ್ಟಿಯಾಗಿ ಮುಚ್ಚಿ ಕೂಡುತ್ತಿದ್ದಳು. ದಾಟಿತು ಎಂದು ಯಾರಾದರೂ ಹೇಳಿದ ಮೇಲೆಯೇ ತೆರೆಯುವುದು. ನೌಕರಿ ಬಿಡಿ ಎಂದರೆ ಅವನು ಬಿಡುವವನಲ್ಲ. ಅದಕ್ಕೆ ಅವಳು ತುಪ್ಪ ಹಿಡಿದಳು. ರೊಟ್ಟಿಗೆ ತುಪ್ಪ, ಬೇಳೆಗೆ ತುಪ್ಪ, ಶೇಂಗಾ ಹೋಳಿಗೆಯಂತೂ ತುಪ್ಪದಲ್ಲೇ ಮುಳುಗಿರುತ್ತಿತ್ತು. ಇಷ್ಟೇಕೆ ಎಂದು ನಮ್ಮ ಅವ್ವ ಒಮ್ಮೆ ಕೇಳಿದ್ದಕ್ಕೆ ಕಿವಿಯಲ್ಲಿ ಹೇಳಿದಳಂತೆ: “ಭಾರ ಆಗ್ಲಿ ಅಕ್ಕಾ. ಕಂಪನ್ಯಾವ್ರು ಏರಸೂದಿಲ್ಲ ಅಂತಾರ. ಇವ್ರು ನೆಲದ ಮ್ಯಾಲೆ ಉಳೀತಾರ.”

ಕಾಕಾ ಬಡಿಸಿದ್ದನ್ನು ಒಂದು ದಿನವೂ ಬೇಡವೆನ್ನಲಿಲ್ಲ. ಹಾಗಾದರೆ ಪಾಸು ಹೇಗೆ? ಮೆಡಿಕಲ್ ಹತ್ತಿರ ಬಂದಂತೆ ಅವನಿಗೆ ಭಕ್ತಿ ಹುಟ್ಟುತ್ತಿತ್ತು. ಕೆಲಸದ ಜಾಗದಲ್ಲಿ ಸೋಮವಾರ ಶಿವನದು, ಗುರುವಾರ ರಾಯರದು, ಶನಿವಾರ ಹನುಮಪ್ಪನದು ಎಂದು ಉಪವಾಸ. ಶುಕ್ರವಾರ ಜೊತೆಗಾರರೊಂದಿಗೆ ದರ್ಗಾಕ್ಕೂ ನಡೆದೇ ಹೋಗಿಬರುತ್ತಿದ್ದ. ತಾಳಿಕೋಟೆಯ ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲುತ್ತಿದ್ದ. ತೊಗರಿಯ ಚೀಲ ಇಳಿಸಿ ಇವನನ್ನು ತೂಗುವುದು ಅಲ್ಲಿಯ ಹಮಾಲರಿಗೆ ರೂಢಿಯೇ ಆಗಿತ್ತು. ಮೆಡಿಕಲ್ ಮುಗಿದ ಮರುದಿನ ಭಕ್ತಿಯೂ ಮುಗಿಯುತ್ತಿತ್ತು. ಹೀಗೆ ವರ್ಷಗಟ್ಟಲೆ ಅವಳು ಬಡಿಸಿದಳು, ಅವನು ಉಂಡ, ಮತ್ತೆ ಏರಿದ. ನಾವೆಲ್ಲ ನಕ್ಕೆವು.

ಹೋದ ವರ್ಷ ಟ್ರೇನರ್ ಜಾಗ ಖಾಲಿಯಾಯಿತು. ಇವನಿಗೇ ಎಂದು ಮೇಲಿನವರೂ ಮಾತಾಡಿಕೊಂಡರು. ಎಷ್ಟೋ ವರ್ಷ ಆ ಎತ್ತರದಲ್ಲಿ ಒಮ್ಮೆಯೂ ಕಾಲು ತಪ್ಪದ ಮನುಷ್ಯ, ಅದೇ ಹೊತ್ತಿಗೆ ಮನೆಯ ಬಚ್ಚಲಲ್ಲಿ ಜಾರಿದ! ಬಚ್ಚಲಿಗೆ ಬೆಲ್ಟು ಕಟ್ಟಿಕೊಂಡು ಯಾರು ಹೋಗುತ್ತಾರೆ? ಕಾಲಿಗೆ ಪ್ಲಾಸ್ಟರ್ ಬಿತ್ತು. ಏರುವುದಿಲ್ಲ, ನಡೆಯುವುದಿಲ್ಲ, ಮೂರು ಹೊತ್ತೂ ಕಾಕುವಿನ ಕೈ ಊಟ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದ ಮೆಡಿಕಲ್ ದಿನ ಕಾಟಾದ ಮುಳ್ಳು ಗೆರೆ ದಾಟಿ ನಿಂತಿತು. ಆ ಹುದ್ದೆ ಅವನೇ ಕಲಿಸಿದವನೊಬ್ಬನಿಗೆ ಹೋಯಿತು. ಈ ವಯಸ್ಸಿನಲ್ಲಿ ಇನ್ನು ಏರುವುದು ಬೇಡ ಎಂದು ಇವನನ್ನು ಸ್ಟೋರಿನಲ್ಲಿ ಕೂರಿಸಿದರು. ಈಗ ಏರುವವರಿಗೆ ಬೋಲ್ಟು, ಗ್ರೀಸು ಎತ್ತಿ ಕೊಡುತ್ತಾನೆ.

ಕಾಕು ಗೆದ್ದಳು. ಗೆದ್ದವಳ ಮುಖ ಅಷ್ಟು ಬಾಡಿರುವುದನ್ನು ನಾನು ಎಲ್ಲಿಯೂ ನೋಡಿಲ್ಲ. ಹುಡುಗರ ಫೋನು ಬಂದರೆ ಕಾಕಾ ಎತ್ತುವುದಿಲ್ಲ. ಸಂಜೆ ಅಂಗಳದಲ್ಲಿ ನಿಂತು ಮನೆಗಳ ಆಚೆಗೆ ಏನೂ ಕಾಣದಿದ್ದರೂ ನೋಡುತ್ತಾನೆ. ಇದನ್ನೆಲ್ಲ ಬರೆಯುವಾಗ, ನಾವು ಅಷ್ಟು ನಗಬಾರದಿತ್ತು ಅನಿಸುತ್ತದೆ.

ಹೋದ ಭಾನುವಾರ ನಾನು ಬಾಗೇವಾಡಿಯಿಂದ ಅವರ ಮನೆಗೆ ಹೋಗಿದ್ದೆ. ಇಳಿಹೊತ್ತಿನಲ್ಲಿ ಊಟಕ್ಕೆ ಕೂತೆವು. ಕಾಕಾನ ತಾಟಿನಲ್ಲಿ ಒಣ ರೊಟ್ಟಿ, ಪಲ್ಯ. ಅವನು ತುಪ್ಪ ಕೇಳಿದ. ಕಾಕು ತುಪ್ಪದ ಗಿಂಡಿಯನ್ನು ಸೆರಗಿನ ಹಿಂದೆ ಹಿಡಿದು ನಿಂತಿದ್ದಳು.

“ಇನ್ನ ಹಾಕೂದಿಲ್ರಿ. ತೂಕ ಇಳಸ್ರಿ. ಮತ್ತ ಏರ್ರಿ,” ಎಂದಳು. “ನಾನ ನಿಮ್ಮನ್ನ ಕೆಳಗ ಎಳದೇನಿ.”

ಕಾಕಾ ತಾಟನ್ನು ಅವಳ ಕಡೆಗೆ ಸರಿಸಿದ. “ನೀ ಯಾಕ ಹಾಕ್ತಿದ್ದಿ ಅನ್ನೂದು ನನಗ ಗೊತ್ತಿರಲಿಲ್ಲೇನ? ಗೊತ್ತಿದ್ದ ಉಂಡೇನಿ. ಅಂಜಿಕಿಗೆ ಹಾಕ್ತಿದ್ದಿ, ಬ್ಯಾಡ ಅಂತ ಹೆಂಗನ್ಲಿ? ಇನ್ನ ಅದು ಮುಗೀತು. ಹಾಕ.”

ಅವಳು ಹಾಕಿದಳು. ಅರ್ಧ ತುಪ್ಪ ರೊಟ್ಟಿ ತಪ್ಪಿ ತಾಟಿನ ಮೇಲೆ ಚೆಲ್ಲಿತು. ಅವನು ರೊಟ್ಟಿಯ ಚೂರಿನಿಂದ ಅಷ್ಟನ್ನೂ ಒರೆಸಿ ತಿಂದ. ಕೈ ತೊಳೆದ ಮೇಲೆ ಕಾಕು ಮೆಲ್ಲಗೆ, “ನೀವು ಏರ್ತಿದ್ದ ಫ್ಯಾನ್ ಯಾವುದ್ರೀ?” ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು.

ಅದು ಮಾಳಿಗೆಯ ಮೇಲಿಂದ ಮಾತ್ರ ಕಾಣುತ್ತದೆ. ಕಾಕಾ ಎದ್ದು ಹೋಗಿ ಏಣಿಯನ್ನು ಗೋಡೆಗೆ ಆನಿಸಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಬೆಲ್ಟು ಗೂಟದಲ್ಲೇ ತೂಗುತ್ತಿತ್ತು. ನಾನು ತರಲು ಓಡಿದೆ.

“ಬೆಲ್ಟ ಕಟ್ಗೋರಿ,” ಎಂದಳು ಕಾಕು.

“ನೀ ಏಣಿ ಹಿಡೀತಿಯಲ್ಲ, ಸಾಕು. ನಾ ಏರಿದ ಮ್ಯಾಲೆ ನೀನೂ ಬಾ, ತೋರಸ್ತೇನಿ,” ಎಂದ ಅವನು.

ಕಾಕು ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಅವನು ಏರತೊಡಗಿದ. ಈ ಸಲ ಅವಳು ಕಣ್ಣು ಮುಚ್ಚಲಿಲ್ಲ.